ಮೊಳೆ ಹೊಡೆದ ಸೈಕಲ್ಲು

“ಅವ್ವಾ, ಈಗ ಮಾತಾಡಾಕ ಟೈಮಿಲ್ಲ. ಸೈಕಲ್ಲಿನ ಟಾಯರಿಗೆ ಮೊಳೆ ಹೊಡ್ಯಾಕ ಹತ್ತೀನಿ. ನಾಳೆ ಫೋನ್ ಮಾಡ್ತೀನಿ.”

ಕಳೆದ ಜನವರಿಯ ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅಮೆರಿಕದಲ್ಲಿ ಓದುತ್ತಿರುವ ಮಗಳು ಇಷ್ಟೇ ಹೇಳಿ ಫೋನ್ ಇಟ್ಟುಬಿಟ್ಟಳು. ನನ್ನ ಹಂಚಿನ ಮೇಲಿನ ರೊಟ್ಟಿ ಸೀದು ಕರಕಾಯಿತು. ನಮ್ಮ ಮಲ್ಲಸಮುದ್ರದಲ್ಲಿ ಸೈಕಲ್ಲಿಗೆ ಒಂದು ಜಾಲಿಮುಳ್ಳು ಹೊಕ್ಕರೆ ಸಾಕು, ಪಂಕ್ಚರ್ ಅಂಗಡಿ ಸಿಗುವತನಕ ನೂಕಿಕೊಂಡು ಹೋಗಬೇಕು. ಇವಳು ನೋಡಿದರೆ ಕೈಯಾರೆ ಗಾಲಿಗೆ ಮೊಳೆ ಹೊಡೆಯುತ್ತಿದ್ದಾಳಂತೆ! “ಓದಿ ಓದಿ ಹುಡುಗಿಗೆ ತಲಿ ಕೆಟ್ಟೈತಿ ನೋಡ್ರಿ” ಎಂದು ಮನೆಯವರಿಗೆ ಹೇಳಿದೆ. “ಏನರ ಕಾರಣ ಇರಬೇಕು, ತಡಿ” ಎಂದರು ಅವರು.

ಕಾರಣ ಇತ್ತು. ಅದನ್ನು ತಿಳಿದುಕೊಳ್ಳಲು ನನಗೆ ಒಂದು ತಿಂಗಳು ಹಿಡಿಯಿತು. ನಿಮ್ಮಲ್ಲಿಯೂ ಅನೇಕರ ಮಕ್ಕಳು ಹಿಮ ಬೀಳುವ ಊರುಗಳಲ್ಲಿದ್ದಾರೆ. ಅವರಿಗಾಗಿ ಮತ್ತು ನಮಗಾಗಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮುಚ್ಚಿಟ್ಟ ಕೈ

ಮಗಳು ಇರುವುದು ಮಿನ್ನೆಸೋಟ ರಾಜ್ಯದಲ್ಲಿ. ಅಮೆರಿಕದ ಉತ್ತರದ ಅಂಚಿನಲ್ಲಿ, ಕೆನಡಾಕ್ಕೆ ತಾಗಿಕೊಂಡಿರುವ ಪ್ರದೇಶ. ಚಳಿಗಾಲದಲ್ಲಿ ಅಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದು ದೊಡ್ಡ ಸುದ್ದಿಯೇ ಅಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ಇವಳದು ಸಸಿಗಳ ಮೇಲಿನ ಓದು. ಗಾಜಿನ ಮನೆಯಲ್ಲಿ ಬೆಳೆಸಿದ ಸಸಿಗಳನ್ನು ದಿನಾ ಬೆಳಿಗ್ಗೆ ಆರಕ್ಕೆ ಅಳೆದು ಬರೆದಿಡಬೇಕು. ಮನೆಯಿಂದ ಅಲ್ಲಿಗೆ ಮೂರು ಕಿಲೋಮೀಟರು. ಮೊದಲ ಬಸ್ಸು ಬರುವುದೇ ಏಳರ ನಂತರ. ಕಾರು ಕೊಳ್ಳುವ ಶಕ್ತಿ ನಮಗಿಲ್ಲ. ನಡೆದು ಹೋದರೆ ಮುಕ್ಕಾಲು ಗಂಟೆ ಆ ಚಳಿಯಲ್ಲಿರಬೇಕು. ಹೀಗಾಗಿ ಹೋದ ಹೊಸದರಲ್ಲೇ ಯಾರೋ ಬಳಸಿ ಬಿಟ್ಟ ಒಂದು ಸೈಕಲ್ಲು ಕೊಂಡಿದ್ದಳು. ಬೇಸಿಗೆಯಲ್ಲಿ ಏನೂ ತೊಂದರೆಯಾಗಲಿಲ್ಲ.

ಡಿಸೆಂಬರಿನಲ್ಲಿ ಒಂದು ದಿನ ವೀಡಿಯೋದಲ್ಲಿ ಮಾತನಾಡುವಾಗ ಅವಳು ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿರುವುದು ಕಂಡಿತು. “ಬಲಗೈ ಎಲ್ಲೈತಿ, ತೋರಸು” ಎಂದೆ. ಮಾತು ಮರೆಸಿದಳು. “ತೋರಸ್ತಿಯೋ ಇಲ್ಲೋ” ಎಂದು ದನಿ ಏರಿಸಿದ ಮೇಲೆ ಪಟ್ಟಿ ಕಟ್ಟಿದ ಮಣಿಕಟ್ಟು ಕಂಡಿತು. ಮಂಜುಗಡ್ಡೆಯ ಮೇಲೆ ಮುಂದಿನ ಗಾಲಿ ಜಾರಿ ಬಿದ್ದು ಆಗಲೇ ಎರಡು ವಾರವಾಗಿತ್ತು. ನಾವು ಹೆದರುತ್ತೇವೆಂದು ಮುಚ್ಚಿಟ್ಟಿದ್ದಳು.

“ಆ ಸೈಕಲ್ ಮೊದಲ ಮಾರಿಬಿಡು. ಹೆಣ್ಣುಹುಡುಗಿ ಕೈಕಾಲು ಮುರಕೊಂಡ್ರ ಮುಂದ ಹೆಂಗ?”

ಈ ಮಾತು ನನ್ನ ಬಾಯಿಂದ ಬಂದ ಕೂಡಲೇ ನಾನೇ ಬೆಚ್ಚಿದೆ. ನನಗೆ ಹದಿಮೂರು ವರ್ಷವಾಗಿದ್ದಾಗ ಇದೇ ಮಾತನ್ನು ನಮ್ಮಜ್ಜಿ ನನಗೆ ಹೇಳಿದ್ದರು. ಸೋದರಮಾವನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆಯಲು ಕಲಿತು ಕೆರೆ ಏರಿಯ ಮೇಲೆ ಬಿದ್ದು ಮೊಣಕಾಲು ಕೆತ್ತಿಕೊಂಡಿದ್ದೆ. ಅವತ್ತಿಗೆ ಸೈಕಲ್ ಮುಗಿಯಿತು. ಹೈಸ್ಕೂಲು ಪೂರ್ತಿ ಗದುಗಿಗೆ ನಡೆದೇ ಹೋದೆ. ನನ್ನ ಮಗಳ ಕಾಲಕ್ಕೆ ಗಾಳಿ ಬೇರೆಯಾಗಿತ್ತು. ನಮ್ಮ ರಾಜ್ಯ ಸರ್ಕಾರ 2006-07ರಲ್ಲಿ ಶುರು ಮಾಡಿದ ಯೋಜನೆಯಲ್ಲಿ 8ನೆಯ ಇಯತ್ತೆಯಲ್ಲಿ ಅವಳಿಗೂ ಒಂದು ಸೈಕಲ್ಲು ಸಿಕ್ಕಿತ್ತು. ಅದನ್ನು ತುಳಿದೇ ಅವಳು ಶಾಲೆ ಕಲಿತಳು. ಈಗ ನಾನೇ ಅಡ್ಡ ಬಂದರೆ?

ಅವಳು ಸಮಾಧಾನದಿಂದ ಹೇಳಿದಳು: “ಅವ್ವಾ, ಸೈಕಲ್ಲಿನ ತಪ್ಪಲ್ಲ. ಬರ್ಫಿನ ಮ್ಯಾಲ ಓಡೋ ಸೈಕಲ್ಲು ಬ್ಯಾರೆ ಇರ್ತೈತಿ. ಅದನ್ನ ನಾನ ಕಟ್ತೀನಿ. ಕೈ ವಾಸಿ ಆಗ್ಲಿ.”

ಹಿಮವೆಂದರೆ ಎಲ್ಲವೂ ಒಂದೇ ಅಲ್ಲ

ನಮಗೆ ಹಿಮವೆಂದರೆ ಸಿನಿಮಾದಲ್ಲಿ ಕಂಡ ಬಿಳಿ ಬೆಟ್ಟ ಅಷ್ಟೇ. ಆದರೆ ಸೈಕಲ್ಲಿನ ಮಟ್ಟಿಗೆ ಹಿಮ ಮೂರು ಬಗೆಯದು ಎಂದು ಮಗಳು ವಿವರಿಸಿದಳು. ಅಡುಗೆಮನೆಯ ಲೆಕ್ಕದಲ್ಲಿ ನಾನು ಅದನ್ನು ಹೀಗೆ ಅರ್ಥಮಾಡಿಕೊಂಡೆ.

ಆಗತಾನೇ ಬಿದ್ದ ಹಿಮ ಜರಡಿ ಹಿಡಿದ ಜೋಳದ ಹಿಟ್ಟಿನ ರಾಶಿಯಂತೆ. ಅದರ ಮೇಲೆ ಒಂದು ಬೆರಳು ಊರಿ ನೋಡಿ, ಬುಡದವರೆಗೆ ಇಳಿಯುತ್ತದೆ. ಅದೇ ಹಿಟ್ಟಿನ ಮೇಲೆ ಊಟದ ತಾಟು ಇಟ್ಟು ಅಷ್ಟೇ ಒತ್ತಿರಿ. ತುಸು ಕುಸಿದು ನಿಂತುಬಿಡುತ್ತದೆ. ಸಪೂರ ಗಾಲಿ ಬೆರಳಿನಂತೆ, ಅಗಲ ಗಾಲಿ ತಾಟಿನಂತೆ.

ಜನ, ವಾಹನ ಓಡಾಡಿ ಅದುಮಿದ ಹಿಮ ಎರಡನೆಯದು. ಇದು ಅಂಗೈಯಲ್ಲಿ ಒತ್ತಿ ಕಟ್ಟಿದ ಉಂಡಿಯಂತೆ ಗಟ್ಟಿ. ಇದರ ಮೇಲೆ ಸಾಧಾರಣ ದಪ್ಪ ಟಾಯರು ಓಡುತ್ತದೆ.

ಮೂರನೆಯದು ಮಂಜುಗಡ್ಡೆ. ಹಗಲು ತುಸು ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟಿ ರಸ್ತೆಗೆ ಗಾಜು ಹಾಸಿದಂತಾಗುತ್ತದೆ. ಎಣ್ಣೆ ಚೆಲ್ಲಿದ ಕಡಪಾ ಕಲ್ಲಿನ ಮೇಲೆ ನಡೆದಂತೆ. ಇಲ್ಲಿ ಗಾಲಿ ಎಷ್ಟು ಅಗಲವಿದ್ದರೂ ಪ್ರಯೋಜನವಿಲ್ಲ. ಗಡ್ಡೆಗೆ ಉಗುರು ಊರಿ ಹಿಡಿಯುವಂಥದ್ದೇ ಬೇಕು. ಮೊಳೆಯ ಗುಟ್ಟು ಇದು!

ಹಾಗಾದರೆ ಸೈಕಲ್ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ದಾರಿಯಲ್ಲಿ ಗಾಲಿಯ ಕೆಳಗೆ ಇರುವುದು ಏನು? ಮೆತ್ತಗಿದ್ದರೆ ಅಗಲ ಬೇಕು, ಗಾಜಿನಂತಿದ್ದರೆ ಮೊಳೆ ಬೇಕು. ನನ್ನ ಮಗಳ ದಾರಿ ಊರೊಳಗಿನದು. ಯಂತ್ರ ಬಂದು ಹಿಮ ಸರಿಸಿ ಹೋಗುತ್ತದೆ. ಉಳಿಯುವುದು ಗಟ್ಟಿ ಹಿಮ, ಅಲ್ಲಲ್ಲಿ ಗಾಜಿನಂಥ ಗಡ್ಡೆ. ಆದ್ದರಿಂದ ಅವಳು ಮೊಳೆಯ ದಾರಿ ಹಿಡಿದಳು.

ಗಾಳಿಯ ಲೆಕ್ಕ

ಇನ್ನೊಂದು ಸಣ್ಣ ಲೆಕ್ಕ ಕೇಳಿ. ನಾನು ಹೈಸ್ಕೂಲು ಓದಿದವಳು, ನನಗೇ ತಿಳಿದಿದೆ ಎಂದಮೇಲೆ ನಿಮಗೂ ತಿಳಿಯುತ್ತದೆ. ಸವಾರಿ ಮಾಡುವವಳು ಮತ್ತು ಸೈಕಲ್ಲು ಸೇರಿ 75 ಕಿಲೋ ಎಂದಿಟ್ಟುಕೊಳ್ಳಿ. ಟ್ಯೂಬಿನ ಗಾಳಿ ಚದರ ಸೆಂಟಿಮೀಟರಿಗೆ 4 ಕಿಲೋದಷ್ಟು ಬಿಗಿಯಾಗಿದ್ದರೆ, ಆ ಭಾರ ಹೊರಲು ಎರಡು ಗಾಲಿಯೂ ಸೇರಿ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ 19 ಚದರ ಸೆಂಟಿಮೀಟರು. ನಮ್ಮ ಅಂಗೈಯ ಅರ್ಧಭಾಗವೂ ಇಲ್ಲ! ಅದೇ ಅಗಲ ಟಾಯರಿನಲ್ಲಿ ಗಾಳಿಯನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ತಾಗುವ ಜಾಗ 190 ಚದರ ಸೆಂಟಿಮೀಟರಿನ ಹತ್ತಿರ ಹೋಗುತ್ತದೆ. ಭಾರ ಅಷ್ಟೇ, ಆದರೆ ಹಂಚಿಹೋಯಿತು. ಸಪೂರ ಟಾಯರಿನಲ್ಲಿ ಅಷ್ಟು ಗಾಳಿ ತೆಗೆದರೆ ರಿಮ್ಮು ನೆಲಕ್ಕೆ ಬಡಿಯುತ್ತದೆ. ಅದಕ್ಕೇ ಟಾಯರೂ ಅಗಲ ಬೇಕು, ಅದನ್ನು ಹಿಡಿಯುವ ರಿಮ್ಮೂ ಅಗಲ ಬೇಕು.

ಯಾರು ಮೊದಲು ಕಟ್ಟಿದರು?

ಇದು ನನ್ನ ಮಗಳ ತಲೆಯಿಂದ ಹುಟ್ಟಿದ್ದೇನೂ ಅಲ್ಲ. ಹಿಮದ ಮೇಲೆ ಸೈಕಲ್ ಓಡಿಸುವ ಹುಚ್ಚು ನೂರು ವರ್ಷಕ್ಕೂ ಹಳೆಯದು. 1900ರಲ್ಲಿ ಅಲಾಸ್ಕಾದ ನೋಮ್ ಎಂಬಲ್ಲಿ ಚಿನ್ನ ಸಿಗುತ್ತದೆಂಬ ಸುದ್ದಿ ಹಬ್ಬಿದಾಗ, ಕೆನಡಾದ ಡಾಸನ್ ಊರಿನಿಂದ ಎಡ್ ಜೆಸ್ಸನ್ ಎಂಬಾತ ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲೆ ಸೈಕಲ್ ತುಳಿದುಕೊಂಡು ಹೊರಟ. ಸುಮಾರು ಸಾವಿರ ಮೈಲಿ ದೂರ! ಚಳಿಗೆ ಅವನ ಸೈಕಲ್ಲಿನ ಬೇರಿಂಗಿನ ಎಣ್ಣೆಯೇ ಹೆಪ್ಪುಗಟ್ಟಿತಂತೆ. ಅದೇ ವರ್ಷ ಅದೇ ದಾರಿ ಹಿಡಿದ ಮ್ಯಾಕ್ಸ್ ಹಿರ್ಷ್‌ಬರ್ಗ್ ಎಂಬ ತರುಣನ ಚೈನು ಕಡಿದುಹೋಯಿತು. ಆತ ತನ್ನ ಕೋಟನ್ನೇ ಕೋಲಿಗೆ ಕಟ್ಟಿ ಹಾಯಿ ಮಾಡಿ, ಗಾಳಿಗೆ ಸೈಕಲ್ ತೇಲಿಸಿಕೊಂಡು ಮುಂದೆ ಸಾಗಿದ. ಅವರ ಸೈಕಲ್ಲುಗಳ ಗಾಲಿ ಸಪೂರವಾದದ್ದೇ. ನಾಯಿಗಳು ಎಳೆಯುವ ಜಾರುಬಂಡಿ ಹಾದು ಗಟ್ಟಿಯಾದ ಹಾದಿಯೇ ಅವರನ್ನು ಕಾಪಾಡಿದ್ದು.

ಅಗಲ ಗಾಲಿ ಬಂದದ್ದು ಬಹಳ ತಡವಾಗಿ, ಅದೂ ಮನೆಯ ಹಿಂದಿನ ಶೆಡ್ಡುಗಳಿಂದ. 1987ರಲ್ಲಿ ಅಲಾಸ್ಕಾದ ಹಿಮದ ಹಾದಿಯಲ್ಲಿ 200 ಮೈಲಿಯ ಸೈಕಲ್ ಪಂದ್ಯ ನಡೆಯಿತು. ಗಾಲಿ ಹೂತುಹೋಗಿ ಎಷ್ಟೋ ದೂರ ಸವಾರರೇ ಸೈಕಲ್ಲನ್ನು ನೂಕಬೇಕಾಯಿತು. ಇಂಥ ಪಂದ್ಯಗಳಿಗೆ ಬರುವವರಿಗಾಗಿ ಫೇರ್‌ಬ್ಯಾಂಕ್ಸ್ ಊರಿನ ಸೈಮನ್ ರಾಕೋವರ್ ಎಂಬವರು ಎರಡು ರಿಮ್ಮುಗಳನ್ನು ಪಕ್ಕಪಕ್ಕ ಇಟ್ಟು ಬೆಸುಗೆ ಹಾಕಿ ಒಂದು ಅಗಲ ರಿಮ್ಮು ಮಾಡಿಕೊಟ್ಟರು. ಆಮೇಲೆ 44 ಮಿಲಿಮೀಟರು ಅಗಲದ ರಿಮ್ಮನ್ನೇ ತಯಾರಿಸಿದರು. ಇತ್ತ ಬಿಸಿಲಿನ ನಾಡಿನಲ್ಲಿ ರೇ ಮೊಲೀನಾ ಎಂಬವರು ಮರಳುದಿಬ್ಬಗಳ ಮೇಲೆ ಓಡಿಸಲೆಂದು 82 ಮಿಲಿಮೀಟರಿನ ರಿಮ್ಮು, ಮೂರೂವರೆ ಅಂಗುಲದ ಟಾಯರು ಮಾಡಿಸಿದ್ದರು. ಮರಳಿಗೂ ಹಿಮಕ್ಕೂ ಮದ್ದು ಒಂದೇ! ಅಲಾಸ್ಕಾದ ಮಾರ್ಕ್ ಗ್ರೋನ್‌ವಾಲ್ಡ್ ಅದನ್ನು ಕಂಡು ಹಿಮಕ್ಕೆ ತಂದರು. 2005ರಲ್ಲಿ ನನ್ನ ಮಗಳಿರುವ ಮಿನ್ನೆಸೋಟದ್ದೇ ಆದ ಸರ್ಲಿ ಕಂಪನಿ ಇಂಥ ಸೈಕಲ್ಲನ್ನು ಮಾರುಕಟ್ಟೆಗೆ ಬಿಟ್ಟಿತು. ಈಗ ‘ಫ್ಯಾಟ್ ಬೈಕ್’ ಎಂದು ಎಲ್ಲ ಕಡೆ ಸಿಗುವುದು ಇದೇ.

ಹೆಣ್ಣುಮಕ್ಕಳೇನು ಹಿಂದೆ ಬಿದ್ದಿಲ್ಲ. 2013ರ ಡಿಸೆಂಬರ್ 27ರಂದು ವೇಲ್ಸ್ ದೇಶದ ಮರಿಯಾ ಲೈಜರ್‌ಸ್ಟಾಮ್ ಎಂಬ ಮಹಿಳೆ ಅಂಟಾರ್ಕ್ಟಿಕದ ಅಂಚಿನಿಂದ ದಕ್ಷಿಣ ಧ್ರುವದವರೆಗೆ ಸೈಕಲ್ ತುಳಿದು ತಲುಪಿದರು. ಹೀಗೆ ತಲುಪಿದವರಲ್ಲಿ ಗಂಡಸರೂ ಸೇರಿ ಅವರೇ ಮೊದಲಿಗರು. ಹತ್ತು ದಿನಕ್ಕಿಂತ ತುಸು ಹೆಚ್ಚು ಹಿಡಿಯಿತು. ಅವರು ಆರಿಸಿಕೊಂಡದ್ದು ಎರಡು ಗಾಲಿಯದಲ್ಲ, ತಗ್ಗಾಗಿ ಕೂತು ತುಳಿಯುವ ಮೂರು ಗಾಲಿಯದು. ಬಿರುಗಾಳಿಗೆ ಬೀಳುವುದಿಲ್ಲ ಎಂಬುದೇ ಲೆಕ್ಕಾಚಾರ. ಎಂಥ ಜಾಣತನ ನೋಡಿ!

ಧ್ರುವದ ಮಾತು ದೂರದ್ದಾಯಿತು ಎನ್ನುವಿರಾ? ಫಿನ್ಲೆಂಡಿನ ಔಲು ಎಂಬ ಊರಿನಲ್ಲಿ ಸಣ್ಣ ಮಕ್ಕಳು ಚಳಿಗಾಲದಲ್ಲೂ ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಾರೆ. ಸೈಕಲ್ ಹಾದಿಯ ಹಿಮವನ್ನು ಬೆಳಗಾಗುವಷ್ಟರಲ್ಲಿ ಸಪಾಟು ಮಾಡಿಟ್ಟಿರುತ್ತಾರೆ. ಅಲ್ಲಿಯ ತಾಯಂದಿರಿಗೆ ಇದು ದಿನನಿತ್ಯದ ಸಂಗತಿ.

ಇನ್ನು ಕೈಯಿಂದ ಕಟ್ಟುವುದರಲ್ಲಿ ನಮ್ಮ ಸೀಮೆ ಯಾರಿಗೇನು ಕಡಿಮೆ? ಗದುಗಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಸಿಗುವ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರನ್ನೇ ನೋಡಿ. ಬೆಳಿಗ್ಗೆ ಬೇಗ ಏಳಲಾಗುವುದಿಲ್ಲವೆಂದು, ಗಡಿಯಾರದ ಕೀಲಿಗೆ ದಾರ ಕಟ್ಟಿ, ಅಲಾರಂ ಹೊಡೆದಾಗ ಮುಖದ ಮೇಲೆ ನೀರು ಸುರಿಯುವಂತೆ ಮಾಡಿಕೊಂಡಿದ್ದರಂತೆ. ಆಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುವ ಯಂತ್ರ, ಬಿತ್ತುವ ಕೂರಿಗೆ, ಹೀಗೆ ಎಷ್ಟೋ ಸಾಧನ ಮಾಡಿ 2022ರಲ್ಲಿ ಪದ್ಮಶ್ರೀ ಪಡೆದರು. ಕಲ್ಲಿನ ಮೇಲೆ ಹುಣಸೆ ಜಜ್ಜಿ ಬೀಜ ತೆಗೆದು ಬೆರಳು ನೋಯಿಸಿಕೊಂಡ ನಮಗೆ ಆ ಯಂತ್ರದ ಬೆಲೆ ಗೊತ್ತು.

ಎರೆ ಹೊಲದ ಬುದ್ಧಿ

ಮಗಳು ಮೊದಲು ಮಾಡಿದ ಕೆಲಸ ಕೇಳಿ ಮನೆಯವರ ಮುಖ ಅರಳಿತು. ತನ್ನ ಹಳೆಯ ಸೈಕಲ್ಲು ಬಿಟ್ಟು, ಗುಡ್ಡಗಾಡಿಗೆ ಬಳಸುವ 26 ಅಂಗುಲ ಗಾಲಿಯ ಮತ್ತೊಂದು ಹಳೆಯ ಸೈಕಲ್ಲು ಹುಡುಕಿದಳು. ಕೊಳ್ಳುವ ಮೊದಲು ಟಾಯರಿಗೂ ಅದನ್ನು ಹಿಡಿದ ಫೋರ್ಕಿಗೂ ನಡುವೆ ಬೆರಳು ತೂರಿಸಿ ನೋಡಿದಳಂತೆ. “ಯಾಕ?” ಎಂದರೆ, “ಅಪ್ಪನ ಸೈಕಲ್ಲಿಗೆ ಎರೀ ಮಣ್ಣು ತುಂಬಿಕೊಳ್ಳೂದು ನೆನಪಿಲ್ಲೇನ ಅವ್ವಾ?” ಎಂದಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಬಿದ್ದ ಎರೆ ಹೊಲದ ದಾರಿಯಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಮಡ್‌ಗಾರ್ಡಿನೊಳಗೆ ಮಣ್ಣು ಗಿಡಿದು ಗಾಲಿ ತಿರುಗುವುದೇ ನಿಲ್ಲುತ್ತದೆ. ಕಡ್ಡಿ ತಗೊಂಡು ಕೆದರಬೇಕು, ಮತ್ತೆ ಹತ್ತು ಮಾರು. ಕೊನೆಗೆ ನಾವು ಸೈಕಲ್ಲಿನ ಮೇಲೆ ಕೂರುವ ಬದಲು ಸೈಕಲ್ಲೇ ನಮ್ಮ ಹೆಗಲ ಮೇಲೆ ಕೂತು ಮನೆಗೆ ಬರುತ್ತದೆ! ಕರಗಲು ಹತ್ತಿದ ಒದ್ದೆ ಹಿಮವೂ ಹೀಗೇ ಅಂಟುತ್ತದೆ. ಚಳಿ ಹೆಚ್ಚಿದ್ದಾಗ ಹಿಮ ಒಣಗಿರುವುದರಿಂದ ಅಷ್ಟಾಗಿ ಅಂಟುವುದಿಲ್ಲ. ಆದ್ದರಿಂದ ಗಾಲಿಯ ಸುತ್ತ ಕನಿಷ್ಠ ಒಂದು ಬೆರಳು ಜಾಗ ಇರಲೇಬೇಕು. ಈ ಬುದ್ಧಿ ಯಾವ ಪುಸ್ತಕದ್ದೂ ಅಲ್ಲ, ನಮ್ಮ ಹೊಲದ್ದು.

ಮೊಳೆ ಹೊಡೆದದ್ದು ಹೇಗೆ?

ಅವಳು ಮಾಡಿದ ಕ್ರಮವನ್ನು ಅವಳಿಂದಲೇ ಕೇಳಿ ಬರೆದುಕೊಂಡಿದ್ದೇನೆ.

1. ಗಟ್ಟಿ ಗುಬ್ಬಿಗಳಿರುವ ಹಳೆಯ ದಪ್ಪ ಟಾಯರು ಎರಡು. ಬಿರುಕು ಬಿಟ್ಟದ್ದು ಬೇಡ.

2. ಅರ್ಧ ಅಂಗುಲ ಉದ್ದದ, ತಲೆ ಚಪ್ಪಟೆಯಾಗಿರುವ ಸ್ಕ್ರೂ ಮೊಳೆಗಳು, ಒಂದು ಟಾಯರಿಗೆ 100ರಿಂದ 150.

3. ಟಾಯರಿನ ನಟ್ಟನಡುವಿನ ಸಾಲು ಬಿಟ್ಟು ಎರಡೂ ಪಕ್ಕದ ಗುಬ್ಬಿಗಳಿಗೆ ಗುರುತು ಹಾಕಿ, ಸಣ್ಣ ತೂತು ಕೊರೆಯಬೇಕು.

4. ಮೊಳೆಯನ್ನು ಒಳಗಿನಿಂದ ಹೊರಕ್ಕೆ ತಿರುವಬೇಕು. ತುದಿ ಹೊರಗೆ ಮೂರು-ನಾಲ್ಕು ಮಿಲಿಮೀಟರು ಮಾತ್ರ ಕಾಣಬೇಕು. ಹೆಚ್ಚಾದರೆ ಫೋರ್ಕಿಗೆ ತಾಗುತ್ತದೆ, ಕಾಲನ್ನೂ ಕೆತ್ತುತ್ತದೆ.

5. ಒಳಗೆ ಮೊಳೆಯ ತಲೆಗಳ ಮೇಲೆ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಹಾಸಬೇಕು. ಅದರ ಮೇಲೆ ಹೊಸ ಟ್ಯೂಬು.

ಐದನೆಯದನ್ನು ಅವಳು ಮೊದಲ ಸಲ ಮಾಡಿರಲಿಲ್ಲ. ಎರಡೇ ದಿನದಲ್ಲಿ ಮೊಳೆಯ ತಲೆಗಳು ಟ್ಯೂಬಿಗೆ ಉಜ್ಜಿ ಉಜ್ಜಿ ಸಣ್ಣ ಸಣ್ಣ ತೂತುಗಳಾಗಿ, ಬೆಳಗಿನ ಕತ್ತಲಲ್ಲಿ ಎರಡು ಕಿಲೋಮೀಟರು ನೂಕಿಕೊಂಡು ನಡೆದಳು. “ಕೌದಿ ಒಳಗ ಮೆತ್ತಗ ಸೀರಿ ಹಾಸಿದಂಗ ಹಾಸಬೇಕಿತ್ತು ಅವ್ವಾ” ಎಂದಳು. ನಗು ಬಂತು, ಕಣ್ಣಲ್ಲಿ ನೀರೂ ಬಂತು.

ನಡುವಿನ ಸಾಲು ಯಾಕೆ ಬಿಡಬೇಕು ಎಂದು ಕೇಳಿದೆ. ಬರಿಯ ಡಾಂಬರು ಇದ್ದಾಗ ಗಾಳಿ ಬಿಗಿ ಮಾಡಿದರೆ ಗಾಲಿ ನಡುವಿನ ರಬ್ಬರಿನ ಮೇಲೆ ಓಡುತ್ತದೆ. ಗಡ್ಡೆ ಇದ್ದಾಗ ತುಸು ಗಾಳಿ ತೆಗೆದರೆ ಪಕ್ಕದ ಮೊಳೆಗಳೂ ನೆಲಕ್ಕೆ ತಾಗಿ ಹಿಡಿಯುತ್ತವೆ. ಆದರೆ ಮನೆಯಲ್ಲಿ ಹಾಕಿದ ಸಾದಾ ಕಬ್ಬಿಣದ ಮೊಳೆ ಡಾಂಬರಿಗೆ ಉಜ್ಜಿ ಕೆಲವೇ ವಾರದಲ್ಲಿ ಮೊಂಡಾಗುತ್ತದೆ. ಅಂಗಡಿಯ ಮೊಳೆ ಟಾಯರಿಗೆ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಬಹಳ ಗಡಸು ವಸ್ತುವಿನ ತುದಿ ಇರುತ್ತದೆ, ಅದು ಬಾಳಿಕೆ ಬರುತ್ತದೆ. ಫೆಬ್ರುವರಿಯಲ್ಲಿ ಅವಳು ಉಳಿಸಿದ ದುಡ್ಡಿನಲ್ಲಿ ಅಂಥದ್ದೊಂದನ್ನು ಕೊಂಡು ಮುಂದಿನ ಗಾಲಿಗೆ ಹಾಕಿದಳು. ಹಿಂದಿನದು ಮನೆಯದೇ. ಒಂದನ್ನೇ ಕೊಳ್ಳುವ ಶಕ್ತಿ ಇದ್ದರೆ ಮುಂದಿನದಕ್ಕೇ ಕೊಳ್ಳಬೇಕು. ಹಿಂದಿನ ಗಾಲಿ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬಿದ್ದೇ ತೀರಬೇಕು. ಅವಳ ಮಣಿಕಟ್ಟು ಹೇಳಿದ ಪಾಠ ಇದು.

ಕಂಬಳಿಯ ಕೈಚೀಲ

ಸೈಕಲ್ಲು ನಿಂತಿತು, ಆದರೆ ಕೈ? ಹ್ಯಾಂಡಲ್ ಹಿಡಿದ ಬೆರಳುಗಳು ಗಾಳಿಗೆ ಮರಗಟ್ಟುತ್ತವೆ, ಬ್ರೇಕು ಒತ್ತಲೂ ಬರುವುದಿಲ್ಲ. ಅಲ್ಲಿಯವರು ಹ್ಯಾಂಡಲ್ಲಿಗೇ ಸಿಕ್ಕಿಸುವ ದೊಡ್ಡ ಚೀಲ ಬಳಸುತ್ತಾರೆ, ಕೈಯನ್ನು ಅದರೊಳಗೆ ತೂರಿಸಬೇಕು. ಬೆಲೆ ಕೇಳಿದರೆ ಗಾಬರಿ. “ಅಳತಿ ಕಳಸು, ನಾ ಹೊಲೀತೀನಿ” ಎಂದೆ. ಬ್ಯಾಡ ಬ್ಯಾಡ ಎಂದವಳು ಈಗ ಹೊಲಿಗೆ ಮಶೀನಿನ ಮುಂದೆ ಕೂತಿದ್ದೆ!

ಮೊದಲು ಕೌದಿ ಮಾಡುವಂತೆ ಹಳೆ ಸೀರೆ ಪದರು ಹಾಕಲು ಹೊರಟಿದ್ದೆ. ಮಗಳು ತಡೆದಳು. ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾದರೆ ಬೇಗ ಒಣಗದು, ಮೈಯ ಬಿಸಿಯನ್ನೇ ಹೀರಿಬಿಡುತ್ತದೆ. ಉಣ್ಣೆ ತುಸು ಒದ್ದೆಯಾದರೂ ಬೆಚ್ಚಗಿರುತ್ತದೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾಯುವವರಿಗೆ ಇದು ಎಂದಿನಿಂದಲೂ ಗೊತ್ತು. ಅಟ್ಟದ ಮೇಲಿನ ನಮ್ಮ ಮಾವನವರ ಕರಿ ಕಂಬಳಿ ಕೆಳಗಿಳಿಯಿತು.

ಮಾಡುವ ವಿಧಾನ: ಒಂದು ಕೈಗೆ ಎರಡು ತುಂಡು ಕಂಬಳಿ. ಉದ್ದ 14 ಅಂಗುಲ, ತೋಳು ಹೋಗುವ ಕಡೆ ಅಗಲ 10 ಅಂಗುಲ, ಬೆರಳಿನ ಕಡೆ 7 ಅಂಗುಲ. ಅದೇ ಅಳತೆಯಲ್ಲಿ ಒಳಗೆ ಹಳೆ ಸ್ವೆಟರು (ಕಂಬಳಿ ಚುಚ್ಚುತ್ತದೆ), ಹೊರಗೆ ಗಾಳಿ ತಡೆಯಲು ರೇನ್‌ಕೋಟಿನ ಬಟ್ಟೆ. ಮೂರನ್ನೂ ಸೇರಿಸಿ ದಿಂಬಿನ ಚೀಲದಂತೆ ಹೊಲಿಯಿರಿ. ಒಳಪಕ್ಕದಲ್ಲಿ, ಬೆರಳಿನ ಕಡೆಗೆ, ಹ್ಯಾಂಡಲಿನ ಹಿಡಿ ಮತ್ತು ಬ್ರೇಕು ಒಳಗೆ ಬರುವಷ್ಟು ಸೀಳು ಬಿಟ್ಟು ಅಂಟುಪಟ್ಟಿ ಹಚ್ಚಿರಿ. ತೋಳಿನ ಕಡೆ ಎಲಾಸ್ಟಿಕ್ ಹಾಕಬಹುದು, ಬಿಗಿಯಾಗಿ ಬೇಡ. ಬಿದ್ದರೆ ಕೈ ತಟ್ಟನೆ ಹೊರಗೆ ಬರಬೇಕು.

ಕಂಬಳಿಯ ತುಂಡಿಗಿಂತ ಅಂಚೆಯ ಖರ್ಚೇ ಹೆಚ್ಚಾಯಿತು. ಆದರೂ ಅವು ತಲುಪಿದ ಮೇಲೆ “ಅವ್ವಾ, ಕೈ ಬೆವರ್ತಾವು!” ಎಂದು ಅವಳು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಚಳಿಯಲ್ಲಿ ಸೈಕಲ್ಲಿನ ಆರೈಕೆ

ನಮ್ಮಲ್ಲಿ ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ಲ, ಅಲ್ಲಿ ಬೇರಿಂಗಿನ ಗ್ರೀಸು ಹಾಗಾಗುತ್ತದೆ. ಹಿಂದಿನ ಗಾಲಿಯ ಫ್ರೀವೀಲಿನೊಳಗೆ ದಪ್ಪ ಗ್ರೀಸು ಬಿಗಿದರೆ ಪೆಡಲು ತುಳಿದರೂ ಸೈಕಲ್ಲು ಮುಂದೆ ಹೋಗದು. ಆದ್ದರಿಂದ ಚಳಿಗಾಲಕ್ಕೆ ತೆಳು ಎಣ್ಣೆ ಬೇಕು.

ಬೆಚ್ಚಗಿನ ಮನೆಯೊಳಗೆ ತುಂಬಿದ ಗಾಳಿ ಹೊರಗೆ ಹೋದಕೂಡಲೇ, ತಾಟಿನಲ್ಲಿ ಆರಿದ ಪೂರಿಯಂತೆ ಕುಗ್ಗುತ್ತದೆ. ಹೊರಗಿನ ಚಳಿಯಲ್ಲೇ ಅದನ್ನು ನೋಡಬೇಕು. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವಂತೆ, ತಣ್ಣಗಿನ ಸೈಕಲ್ಲು ಮನೆಯೊಳಗೆ ಬಂದಾಗ ನೀರು ಕಟ್ಟುತ್ತದೆ. ಒರೆಸದೆ ಮತ್ತೆ ಹೊರಗೆ ಒಯ್ದರೆ ಬ್ರೇಕಿನ ತಂತಿ ಹೆಪ್ಪುಗಟ್ಟುತ್ತದೆ.

ಇನ್ನು ಉಪ್ಪು. ಕೈಯಿಂದ ತಿರುವುವ ಐಸ್‌ಕ್ರೀಂ ಡಬ್ಬಿಯ ಸುತ್ತ ಬರ್ಫಿಗೆ ಉಪ್ಪು ಹಾಕುವುದನ್ನು ನೋಡಿದ್ದೀರಿ. ಉಪ್ಪು ಬಿದ್ದರೆ ಬರ್ಫ ಬೇಗ ಕರಗುತ್ತದೆ ಎಂದು ಅಲ್ಲಿ ರಸ್ತೆಗೂ ಉಪ್ಪು ಹಾಕುತ್ತಾರೆ. ರಸ್ತೆಗೆ ಒಳ್ಳೆಯದು, ಚೈನಿಗೆ ಕೆಟ್ಟದ್ದು. ಉಪ್ಪುನೀರು ಬಿದ್ದ ಕಬ್ಬಿಣದ ಹಂಚಿನಂತೆ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆಯಾದರೂ ಒರೆಸಿ ಎಣ್ಣೆ ಹಾಕಬೇಕು.

ಮಕ್ಕಳಿಗೆ ಹೇಳಿಕೊಡಿ

ನಿಮ್ಮ ಮಕ್ಕಳು ಅಂಥ ಊರಲ್ಲಿದ್ದರೆ ಈ ಮಾತುಗಳನ್ನು ಮರೆಯದೆ ಹೇಳಿ:

ಮನೆ ಬಿಡುವಾಗ ತುಸು ಚಳಿ ಅನ್ನಿಸುವಷ್ಟೇ ಬಟ್ಟೆ ಇರಲಿ. ತುಳಿಯುತ್ತ ಬಿಸಿಯಾಗುತ್ತದೆ. ದಪ್ಪದ್ದೊಂದರ ಬದಲು ತೆಳುವಾದ ಮೂರು ಪದರು ಒಳ್ಳೆಯದು.

ತಿರುವಿನಲ್ಲಿ ಬ್ರೇಕು ಹಾಕಬಾರದು. ತಿರುಗುವ ಮೊದಲೇ ನಿಧಾನ ಮಾಡಬೇಕು, ಅದೂ ಹಿಂದಿನ ಬ್ರೇಕಿನಿಂದ.

ಸೀಟು ಒಂದು ಅಂಗುಲ ತಗ್ಗಿಸಿದರೆ ಜಾರಿದಾಗ ಕಾಲು ಬೇಗ ನೆಲಕ್ಕೆ ಸಿಗುತ್ತದೆ.

ಮುಂದೆ ಹಿಂದೆ ದೀಪ, ತಲೆಗೆ ಹೆಲ್ಮೆಟ್ ಇಲ್ಲದೆ ಹೊರಡಬಾರದು.

ಕೆರೆ, ನದಿ ಹೆಪ್ಪುಗಟ್ಟಿದೆ ಎಂದು ಅದರ ಮೇಲೆ ಹೋಗುವ ಆಸೆ ಬೇಡ. ನಡೆಯುವುದಕ್ಕೇ ಕನಿಷ್ಠ 4 ಅಂಗುಲ ಗಟ್ಟಿ ಗಡ್ಡೆ ಬೇಕೆನ್ನುತ್ತಾರೆ. ಮೇಲಿನಿಂದ ನೋಡಿದರೆ ಅದು ತಿಳಿಯದು.

ಕಿವಿ, ಮೂಗು, ಬೆರಳು ಬೆಳ್ಳಗಾಗಿ ಜೋಮು ಹಿಡಿದರೆ ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಒಳಗೆ ಬಂದು ಉಗುರುಬೆಚ್ಚಗಿನ ನೀರಿನಲ್ಲಿ ಇಡಬೇಕು. ಹಾಗೆಯೇ ಉಳಿದರೆ ಡಾಕ್ಟರ ಬಳಿ ಹೋಗಬೇಕು.

ಬಿರುಗಾಳಿ ಇದ್ದ ದಿನ ಸೈಕಲ್ಲು ಮನೆಯಲ್ಲಿರಲಿ. ಒಂದು ದಿನ ಯಾರನ್ನಾದರೂ ಕಾರಿನಲ್ಲಿ ಬಿಡೆಂದು ಕೇಳಿದರೆ ಮರ್ಯಾದೆ ಹೋಗುವುದಿಲ್ಲ.

ಕಡೆಯದು ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು. ಮಕ್ಕಳು ಬಿದ್ದದ್ದನ್ನು ನಮ್ಮ ಹತ್ತಿರ ಹೇಳುವಂತಿರಬೇಕು. ಹೇಳಿದ ಕೂಡಲೇ ‘ಬಿಟ್ಟುಬಿಡು’ ಎಂದು ಕೂಗಿದರೆ ಮುಂದಿನ ಸಲ ಮುಚ್ಚಿಡುತ್ತಾರೆ. ನನ್ನ ಮಗಳು ಎರಡು ವಾರ ಮುರಿದ ಕೈಯಲ್ಲಿ ನನ್ನೊಂದಿಗೆ ನಗುತ್ತ ಮಾತನಾಡಿದ್ದು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಾರ್ಚ್ ಮುಗಿಯುವತನಕ ಅವಳು ಆ ಸೈಕಲ್ಲಿನಲ್ಲೇ ಓಡಾಡಿದಳು. ಇನ್ನೊಮ್ಮೆ ಬಿದ್ದಳು, ಈ ಸಲ ಅದೇ ದಿನ ಹೇಳಿದಳು. ಸಸಿಗಳ ಅಳತೆ ಒಂದು ದಿನವೂ ತಪ್ಪಲಿಲ್ಲ. ಹಿಮ ಕರಗಿದ ಮೇಲೆ ಮೊಳೆಯ ಟಾಯರು ಬಿಚ್ಚಿ ಗೋಡೆಗೆ ತೂಗುಹಾಕಿದ್ದಾಳಂತೆ, ಮುಂದಿನ ಚಳಿಗಾಲಕ್ಕೆ.

ಇತ್ತ ನಮ್ಮ ಮನೆಯಲ್ಲೂ ಒಂದು ಬದಲಾವಣೆಯಾಗಿದೆ. ಮಳೆಗಾಲಕ್ಕೆ ಮನೆಯವರ ಸೈಕಲ್ಲಿನ ಮಡ್‌ಗಾರ್ಡನ್ನು ನಾನೇ ನಿಂತು ಬಿಚ್ಚಿಸಿದೆ. ಬೆನ್ನಿಗೆಲ್ಲ ಕೆಸರು ಸಿಡಿಯುತ್ತದೆಂದು ಅವರು ಗೊಣಗಿದರು, ಆದರೆ ಸೈಕಲ್ಲು ಹೆಗಲೇರುವುದು ಕಡಿಮೆಯಾಗಿದೆ. ಅಂಗಿ ಒಗೆಯುವವಳು ನಾನೇ ತಾನೆ, ಒಗೆದರಾಯಿತು.

ಮತ್ತೆ ಹಿಮ ಬೀಳುವ ದಿನಗಳು ಹತ್ತಿರ ಬರುತ್ತಿವೆ. ಈಗ ನಾನು ಫೋನಿನಲ್ಲಿ “ಹೋಗಬ್ಯಾಡ” ಎನ್ನುವುದಿಲ್ಲ. “ಮುಂದಿನ ಟಾಯರ್ ನೋಡಿದಿ ಏನ?” ಎಂದು ಕೇಳುತ್ತೇನೆ.